ಮೂರನೇ ನುಡಿಯ ನಾಲ್ಕು ಮಾತ್ರೆ

ನಮ್ಮ ರಾಷ್ಟ್ರೀಯ ಗಾನ ವಿದ್ಯಾಮಂದಿರಕ್ಕೆ ಅರವತ್ತು ವರ್ಷ ತುಂಬುತ್ತದೆ, ಸ್ಮರಣ ಸಂಚಿಕೆಗೆ ಶಹಾಬಾದ ಶಾಖೆಯ ಇತಿಹಾಸವನ್ನು ಎರಡು ಪುಟದಲ್ಲಿ ಬರೆದು ಕಳಿಸಿ ಎಂದು ದಿಲ್ಲಿಯ ಕೇಂದ್ರದಿಂದ ಪತ್ರ ಬಂದಿತ್ತು. ಸುಳ್ಳು ಯಾಕೆ ಹೇಳಲಿ, ಓದಿ ನನಗೆ ಜಂಬವೇ ಬಂತು. ಇಪ್ಪತ್ತಾರು ವರ್ಷ ಈ ಶಾಖೆಯಲ್ಲಿ ಗಂಟಲು ಹರಿದುಕೊಂಡವಳು ನಾನು, ಚಂದ್ರಕಲಾ. ನಾನಲ್ಲದೆ ಇನ್ಯಾರು ಬರೆಯಬೇಕು? ಆಗ ಬರೆದ ಎರಡು ಪುಟಗಳನ್ನು ಹರಿದು ಹಾಕಿದ್ದೇನೆ. ಇದು ಆಮೇಲೆ ಬರೆದದ್ದು. ಅಚ್ಚು ಹಾಕುವುದು, ಬಿಡುವುದು ಕೇಂದ್ರದವರಿಗೆ ಸೇರಿದ್ದು.

ಹರಿದ ಪುಟಗಳಲ್ಲಿ ಎಲ್ಲ ಒಳ್ಳೆಯ ಮಾತೇ ಇತ್ತು. ಬಾಡಿಗೆಯ ಒಂದು ಹಾಲಿನಲ್ಲಿ ಹನ್ನೊಂದು ತಂಬೂರಿ ಇಟ್ಟುಕೊಂಡು ಶುರುವಾದ ವಿದ್ಯಾಮಂದಿರ ಹೇಗೆ ಬೆಳೆಯಿತು, ಮೂಲೆಮೂಲೆಯ ಹಾಡುಗಳನ್ನು ಹುಡುಕಿ ತಂದು ಹೇಗೆ ಒಂದೇ ಸ್ವರಲಿಪಿಯಲ್ಲಿ ಬರೆಸಿತು, ಯಾವ ಊರಿನಲ್ಲಿ ಕಲಿತ ಮಗುವೂ ಒಂದೇ ರೀತಿ ಹಾಡುವಂತೆ ಹೇಗೆ ಮಾಡಿತು ಎಂದೆಲ್ಲ ಬರೆದಿದ್ದೆ. ಅದೇನೂ ಸುಳ್ಳಲ್ಲ. ಇವತ್ತು ಸೇಡಂನಿಂದ ಚಿಂಚೋಳಿವರೆಗೆ ಯಾವ ಸಾಲೆಗೆ ಹೋಗಿ ಸಂಗೀತದ ಮಾಸ್ತರರನ್ನು ಕೇಳಿದರೂ ನಮ್ಮ ಸರ್ಟಿಫಿಕೇಟನ್ನೇ ತೋರಿಸುತ್ತಾರೆ. ಕಾಳಗಿ, ತೆಂಗಳಿಯಿಂದ ಮಕ್ಕಳು ಬಸ್ಸಿನಲ್ಲಿ ನಿಂತುಕೊಂಡೇ ಬಂದು ಕಲಿತು ಹೋಗುತ್ತಾರೆ. ಹಳೆಯ ಫರಸಿಕಲ್ಲಿನ ಕಟ್ಟಡ, ಮಳೆ ಬಂದರೆ ಎರಡು ಕಡೆ ಸೋರುತ್ತದೆ, ಆದರೆ ತಂಬೂರಿ ಮೀಟಿದರೆ ಗೋಡೆಯೇ ಶ್ರುತಿ ಹಿಡಿದ ಹಾಗಿರುತ್ತದೆ.

ಆ ಪುಟಗಳಲ್ಲಿ ಒಂದು ಸಾಲು ಹೀಗಿತ್ತು: 'ಶಾಖೆಯ ಮೊದಲ ಕೊಡುಗೆ, ಕಾಗಿಣಾ ದಂಡೆಯ ಹೊಳೆ ಪದ. ಪಾಠಪುಸ್ತಕದ ಎರಡನೇ ಭಾಗ, ಪುಟ ನಲವತ್ತೊಂದು.'

ಆ ಪದ ನಮ್ಮ ಆಯಿಯದು. ಅಪ್ಪನ ಅವ್ವ, ಹೀರಾಬಾಯಿ. ನಮ್ಮದು ಹೊಳೆ ದಾಟಿಸುವವರ ಮನೆತನ. ಊರು ಹೊಳಿಮಡ್ಡಿ, ಕಾಗಿಣಾದ ಆಚೆ ದಂಡೆ. ನನಗೆ ಆರು ವರ್ಷವಿದ್ದಾಗಲೇ ಅಪ್ಪ ಕಲ್ಲಿನ ಖಣಿಯಲ್ಲಿ ಕೆಲಸ ಹಿಡಿದು ನಮ್ಮನ್ನು ಶಹಾಬಾದಿಗೆ ಕರೆತಂದ. ಅಷ್ಟರಲ್ಲಿ ಬ್ರಿಜ್ಜೂ ಆಯಿತು, ಹೊಳೆ ದಾಟಿಸುವ ಕೆಲಸವೂ ಮುಗಿಯಿತು. ಹಾಗಾಗಿ ಆ ಹೊಳೆಯನ್ನು ನಾನು ಬಸ್ಸಿನಲ್ಲಿ ಕೂತು ದಾಟಿದವಳೇ ಹೊರತು ನೀರಿಗೆ ಕಾಲಿಟ್ಟು ದಾಟಿದವಳಲ್ಲ.

ಇಪ್ಪತ್ತನಾಲ್ಕು ವರ್ಷದ ಹಿಂದೆ ಶಾಖೆಯನ್ನು ಕಟ್ಟಿದ ಅಂಬಾರಾಯ ಮಾಸ್ತರರು ಟೇಪ್ ರೆಕಾರ್ಡರ್ ಹೊತ್ತುಕೊಂಡು ನನ್ನ ಜೊತೆ ಹೊಳಿಮಡ್ಡಿಗೆ ಬಂದರು. ಕುರಕುಂಟಾದವರು, ಶಿಸ್ತು ಎಂದರೆ ಶಿಸ್ತು. ಅವರ ಎದುರು ಕೆಮ್ಮುವುದಕ್ಕೂ ತಾಳ ನೋಡಬೇಕಿತ್ತು. ಆಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಹೊಳೆ ಪದ ಹಾಡು ಎಂದಾಗ ಮೊರ ಬದಿಗಿಟ್ಟು ಎದ್ದೇಬಿಟ್ಟಳು.

"ಹೊಳಿಗೆ ನಡೀರಿ. ಈ ಪದ ಒಣ ನೆಲದ ಮ್ಯಾಲೆ ಕಲಿಸಂಗಿಲ್ಲ. ನೀರಾಗ ನಿಂದ್ರಬೇಕು, ಹಿರೇರು ಮುಂಗೈ ಹಿಡೀಬೇಕು, ಆಮ್ಯಾಲೆ ಹಾಡಬೇಕು."

"ನೀರಾಗ ಮಶೀನ್ ಕೆಡ್ತದವ್ವಾ. ಇಲ್ಲೇ ಕುಂದ್ರು, ಇಲ್ಲೇ ಹಾಡು," ಎಂದರು ಮಾಸ್ತರರು.

ಆಯಿ ನನ್ನ ಮುಖ ನೋಡಿದಳು. ನಾನು ಅವಸರದಲ್ಲಿದ್ದೆ, ಐದರ ಬಸ್ಸು ಹಿಡಿಯಬೇಕಿತ್ತು. "ಹಾಡು ಆಯಿ, ಎಷ್ಟು ಆಟ ಆಡಿಸ್ತಿ," ಎಂದೆ. ಮೊಮ್ಮಗಳ ಮಾತಿಗೆ ಕೂತು ಹಾಡಿದಳು.

ನಾಲ್ಕು ನುಡಿ. ನುಡಿಗೆ ನಾಲ್ಕು ಸಾಲು, ಸಾಲಿಗೆ ಎಂಟು ಮಾತ್ರೆ. ಲೆಕ್ಕ ಗಡಿಯಾರದ ಹಾಗಿತ್ತು. ಮೂರನೇ ನುಡಿಯ ಕೊನೆಯ ಸಾಲು ಮಾತ್ರ ತಪ್ಪಿತ್ತು. 'ನೀರ ಸೆರಗ ಹಿಡಿದು ನಡೀ ನನ್ನ ಮಗಳೇ' ಎಂದು ಹಾಡಿ, ಕೊನೆಯ ಸ್ವರವನ್ನು ಇನ್ನೂ ನಾಲ್ಕು ಮಾತ್ರೆ ಎಳೆದಿದ್ದಳು. ಎಂಟರ ಜಾಗದಲ್ಲಿ ಹನ್ನೆರಡು. ಶಾಖೆಗೆ ಬಂದು ಸ್ವರಲಿಪಿ ಬರೆಯುವಾಗ ನಾನು ಆ ಸಾಲಿನಲ್ಲಿ ತಡೆದು ನಿಂತೆ.

"ವಯಸ್ಸಾದ ಹೆಣ್ಣುಮಗಳು, ಉಸುರು ಎಳದಾಳ," ಎಂದರು ಮಾಸ್ತರರು. "ಹಿಂಗೇ ಬರದ್ರ ಕೇಂದ್ರದೋರು ನಗ್ತಾರ. ಎಂಟಕ್ಕ ತಂದು ನಿಲ್ಲಸು."

ಕೆಂಪು ಪೆನ್ಸಿಲಿನಿಂದ ಆ ನಾಲ್ಕು ಮಾತ್ರೆಗಳನ್ನು ಹೊಡೆದು ಹಾಕಿದ್ದು ನಾನು. ಮಾಸ್ತರರು ತೀರಿಕೊಂಡಿದ್ದಾರೆ, ಅವರ ಮೇಲೆ ಹೊರೆ ಹಾಕಿ ಪಾರಾಗುವುದು ಸುಲಭ. ಆದರೆ ಕೈ ನನ್ನದು. ಹೊಡೆದು ಹಾಕುವಾಗ ನನಗೆ ಖುಷಿಯೂ ಆಗಿತ್ತು, ಅಷ್ಟು ಚೊಕ್ಕವಾಗಿ ಕೂತಿತ್ತು ಪದ.

ಪುಸ್ತಕ ಬಂದ ವರ್ಷ ಮಕ್ಕಳಿಂದ ಹಾಡಿಸಿ ಆಯಿಗೆ ಕೇಳಿಸಿದೆ. ತಲೆ ಅಲ್ಲಾಡಿಸುತ್ತ ಕೇಳಿದಳು. ಮೂರನೇ ನುಡಿಗೆ ತಲೆ ನಿಂತಿತು. ಮುಗಿದ ಮೇಲೆ ಮಕ್ಕಳಿಗೆ ಒಂದೊಂದು ಬೆಲ್ಲದ ಚೂರು ಕೊಟ್ಟಳು.

"ಛಲೋ ಹಾಡ್ಯಾವ. ಆದ್ರ ಇದನ್ನ ಹೊಳಿಗೆ ಒಯ್ಯಬ್ಯಾಡ್ರಿ."

ತನ್ನ ಪದ ಕೈಬಿಟ್ಟು ಹೋಯಿತೆಂದು ಮುದುಕಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ಯಾಕೆ ಎಂದು ಒಂದು ಮಾತು ಕೇಳಲಿಲ್ಲ. ಸರ್ಟಿಫಿಕೇಟು ಇದ್ದವಳು ನಾನು, ಜೋಳ ಹಸನು ಮಾಡುವವಳನ್ನು ಏನು ಕೇಳುವುದು? ಅದಾಗಿ ಒಂಬತ್ತು ವರ್ಷಕ್ಕೆ ಆಯಿ ಹೋದಳು.

ಇನ್ನೊಂದನ್ನು ಇಲ್ಲಿಯೇ ಹೇಳಿಬಿಡಬೇಕು. ನಮ್ಮ ವಿದ್ಯಾಮಂದಿರದಲ್ಲಿ ಒಂದು ಪದ್ಧತಿಯಿದೆ. ಮಗು ಹಾಡುವಾಗ ಗುರು ಬೇಕಂತಲೇ ತಪ್ಪು ಹಾಡುತ್ತಾರೆ. ಒಂದು ಮಾತ್ರೆ ಜಗ್ಗುತ್ತಾರೆ, ಎರಡು ಮಾತ್ರೆ ನುಂಗುತ್ತಾರೆ. ಅವರ ಹಿಂದೆ ಹೋದ ಮಗುವಿನ ಗೆಣ್ಣಿನ ಮೇಲೆ ಪಟ್ಟಿಯ ಏಟು ಬೀಳುತ್ತದೆ. ಹೋಗದೆ ನೆಟ್ಟಗೆ ಹಾಡಿದ ಮಗು ಪಾಸು. ಮಾಸ್ತರರು ನನಗೆ ಹೀಗೆ ಕಲಿಸಿದರು, ನಾನು ನೂರಾರು ಮಕ್ಕಳಿಗೆ ಹೀಗೇ ಕಲಿಸಿದೆ. "ಮೇಡಂ ತಪ್ಪಿದರೂ ನೀವು ತಪ್ಪಬಾರದು," ಇದು ನನ್ನ ಕ್ಲಾಸಿನ ದಿನದ ಮಾತು. ನನ್ನನ್ನು ಒಂದು ಸಲವೂ ಹಿಂಬಾಲಿಸದವಳು ಒಬ್ಬಳೇ, ನನ್ನ ತಮ್ಮ ದತ್ತುವಿನ ಮಗಳು ಭುವನೇಶ್ವರಿ. ನಾನು ತಪ್ಪಿದೊಡನೆ ಅವಳ ತುಟಿಯ ಒಂದು ಮೂಲೆ ಮೇಲೇಳುತ್ತಿತ್ತು. ಕಳ್ಳತನ ಹಿಡಿದೆ ಎನ್ನುವ ನಗು. ಹಾಡು ಮಾತ್ರ ಕೂದಲಷ್ಟೂ ಅಲ್ಲಾಡುತ್ತಿರಲಿಲ್ಲ.

ಭುವನಾಗೆ ಇಪ್ಪತ್ತೊಂದು. ದತ್ತು ವಾಡಿಯಲ್ಲಿ ಕೆಲಸಕ್ಕಿದ್ದರೂ ಹೆಂಡತಿ, ಮಗಳನ್ನು ಹೊಳಿಮಡ್ಡಿಯಲ್ಲೇ ಇಟ್ಟಿದ್ದ. ಅಲ್ಲಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಮನೆಯಲ್ಲಿ ನನಗೆ 'ಅತ್ತಿ', ಶಾಖೆಯ ಹೊಸ್ತಿಲು ದಾಟಿದರೆ 'ಮೇಡಂ'. ಹಾಗೆಂದು ನಾನೇ ಕಟ್ಟು ಮಾಡಿದ್ದೆ. ವಜ್ರ ಮಹೋತ್ಸವಕ್ಕೆ ಕೇಂದ್ರದ ನಿರ್ದೇಶಕರು ಶಾಖೆ ಶಾಖೆಗೆ ಬಂದು ಹಾಡು ಕೇಳಿ, ದಿಲ್ಲಿಯಲ್ಲಿ ಮೂರು ವರ್ಷ ಕಲಿಯಲು ಮಕ್ಕಳನ್ನು ಆರಿಸುವವರಿದ್ದರು. ನಮ್ಮ ಶಾಖೆಯಿಂದ ಇದುವರೆಗೆ ಒಬ್ಬರೂ ಹೋಗಿಲ್ಲ. ನಾನು ಹೋಗಬೇಕಿತ್ತು, ಆಗಲಿಲ್ಲ. ಅವಳು ಹೋಗಲೇಬೇಕು ಎಂದು ಹಟ ಹಿಡಿದಿದ್ದೆ. ಅವಳು ಹಾಡಬೇಕಾದದ್ದು ಪುಟ ನಲವತ್ತೊಂದು.

ಒಂದು ತಿಂಗಳ ಹಿಂದೆ ಕ್ಲಾಸು ಮುಗಿದ ಮೇಲೆ ಅವಳು ಹೇಳಿದಳು, "ಮೇಡಂ, ಊರಾಗ ಹೇಳ್ತಾರ, ಈ ಪದಕ್ಕ ಹೆಜ್ಜಿ ಹಾಕಿಕೋತ ಹೊಳಿ ದಾಟ್ತಿದ್ರಂತ. ಮಾತ್ರಿಗೊಂದು ಹೆಜ್ಜಿ. ಮೊದಲ ನುಡಿ ನೆಟ್ಟಗ, ಎರಡನೇದಕ್ಕ ಬಲಕ್ಕ ತಿರುಗಿ, ಮೂರನೇದು ಮುಗಿದ ಮ್ಯಾಲೆ ಎಡಕ್ಕ."

"ಕಥಿ ಹೇಳಬ್ಯಾಡ. ಪಂಚಮ ನಡಗ್ಲಿಕತ್ತದ, ಅದನ್ನ ನೋಡು," ಎಂದೆ ನಾನು.

ಆ ದಾರಿ ನೀರಿನೊಳಗಿನ ಹಾಸುಗಲ್ಲು. ಕೆಳಗೆ ಬ್ಯಾರೇಜ್ ಕಟ್ಟಿದ ಮೇಲೆ ಬೇಸಿಗೆಯಲ್ಲೂ ನೀರು ನಿಂತು, ಈಗಿನವರು ಯಾರೂ ಅದನ್ನು ಕಣ್ಣಿನಿಂದ ಕಂಡಿಲ್ಲ.

ನಿರ್ದೇಶಕರು ಬರುವ ವಾರವೇ ಮಳೆ ಹಿಡಿಯಿತು. ಐದು ದಿನ ಬಿಡದೆ ಸುರಿಯಿತು. ಕಾಗಿಣಾ ಬ್ರಿಜ್ಜಿನ ಮೇಲೆ ಹತ್ತಿ, ಇಳಿದು, ಇಳಿಯುವಾಗ ಬ್ರಿಜ್ಜಿನ ಆಚೆಯ ರಸ್ತೆಯನ್ನೇ ಕಿತ್ತುಕೊಂಡು ಹೋಯಿತು. ಪೊಲೀಸರು ಬಂದ್ ಮಾಡಿದರು. ಚಿತ್ತಾಪುರದ ಕಡೆಯಿಂದ ಸುತ್ತಿ ಬರೋಣವೆಂದರೆ ಅಲ್ಲೂ ಹಳ್ಳ ರಸ್ತೆಯ ಮೇಲೆ ಹರಿಯುತ್ತಿತ್ತು. ಹಿಂದಿನ ದಿನ ಸಂಜೆ ಭುವನಾಗೆ ಫೋನು ಮಾಡಿದೆ.

"ಬ್ರಿಜ್ ಹೋಗಲಿ, ಬಸ್ ಹೋಗಲಿ. ನಾಳೆ ಮೂರಕ್ಕ ನೀ ಸ್ಟೇಜಿನ ಮ್ಯಾಲಿರಬೇಕು. ನಾ ಬ್ಯಾರೆ ಮಾತು ಕೇಳಂಗಿಲ್ಲ."

"ಬರ್ತೀನ್ರಿ ಮೇಡಂ," ಎಂದಳು. ಮನೆಯಲ್ಲಿದ್ದರೂ ಮೇಡಂ ಎಂದೇ ಕರೆದಳು. ಹೇಗೆ ಬರುತ್ತಿ ಎಂದು ನಾನು ಕೇಳಲಿಲ್ಲ.

ಮರುದಿನ ಮಳೆ ನಿಂತಿತ್ತು. ನಿರ್ದೇಶಕರು ರೈಲಿಳಿದು ಇಲ್ಲೇ ಊರಿನ ಗೆಸ್ಟ್ ಹೌಸಿನಲ್ಲಿ ವಿಶ್ರಾಂತಿಗಿದ್ದರು, ಊಟ ಮುಗಿಸಿ ಬರುವವರು. ಪ್ರದರ್ಶನಕ್ಕೆ ಹೊಳೆ ಪದದ ಮೂಲ ಕ್ಯಾಸೆಟ್ಟು ಇಡಬೇಕೆಂದು ಅವರ ಆಫೀಸಿನವರು ಹೇಳಿದ್ದರು. ಬೀರುವಿನ ತಳದಿಂದ ಅದನ್ನು ತೆಗೆದೆ. ಸ್ವರಲಿಪಿ ಬರೆದಾದ ಮೇಲೆ ಅದನ್ನು ಒಂದು ಸಲವೂ ಕೇಳಿರಲಿಲ್ಲ. ಇನ್ನೂ ಹಾಡುತ್ತದೋ ಇಲ್ಲವೋ ನೋಡೋಣ ಎಂದು ಹಳೆಯ ಟೇಪಿಗೆ ಹಾಕಿದೆ. ಆಗ ಹನ್ನೊಂದು ಗಂಟೆ.

ಹಾಲಿನಲ್ಲಿ ಬಂದೇಅಲಿ ಕಾಕಾ ಸೋರಿದ ನೀರು ಒರೆಸುತ್ತಿದ್ದ. ಕಾಕಾ ನಮ್ಮೂರಿನವನೇ, ಎಪ್ಪತ್ತೈದು ದಾಟಿದವನು. ಕಲ್ಲಿಗೆ ಪಾಲಿಶ್ ಹೊಡೆಯುವ ಕೆಲಸ ಬಿಟ್ಟ ಮೇಲೆ ಶಾಖೆಯ ಕಾವಲಿಗೆ ಬಂದವನು. ಆಯಿಯ ದನಿ ಬಂದ ಕೂಡಲೇ ಬಟ್ಟೆ ಕೈಬಿಟ್ಟ. ಪಾಯಿಜಾಮ ಮೊಣಕಾಲಿಗೆ ಏರಿಸಿದ. ಕಣ್ಣು ಮುಚ್ಚಿ ನಡೆಯತೊಡಗಿದ.

ಮೊದಲು ನಗು ಬಂತು ನನಗೆ. ಮಾತ್ರೆಗೊಂದು ಹೆಜ್ಜೆ, ಹಿಮ್ಮಡಿಯಿಂದ ಕಲ್ಲನ್ನು ಮುಟ್ಟಿ ನೋಡಿ ಆಮೇಲೆ ಭಾರ ಬಿಡುತ್ತಿದ್ದ. ಎರಡನೇ ನುಡಿಗೆ ಬಲಕ್ಕೆ ತಿರುಗಿದ. ಮೂರನೇ ನುಡಿಯ ಕೊನೆಯಲ್ಲಿ ಆಯಿ ಸ್ವರ ಎಳೆದಳು. ಕಾಕಾ ನೆಟ್ಟಗೆ ಇನ್ನೂ ನಾಲ್ಕು ಹೆಜ್ಜೆ ಹಾಕಿದ. ಆಮೇಲೆ ಎಡಕ್ಕೆ ತಿರುಗಿದ. ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

"ಕಾಕಾ, ಹುಡುಗ್ರು ಹಾಡ್ತಾರಲ್ಲ, ಅದಕ್ಕ ನಡದು ತೋರ್ಸು."

"ಅದು ಸಾಲಿ ಪದ ಅಲ್ಲೇನ್ರಿ ಬಾಯಾರ? ಹೊಳಿ ಪದ ಬ್ಯಾರೆ ಅಂತ ನಾ ಸುಮ್ಮನಿದ್ದೆ."

ನಾನು ಪುಸ್ತಕದ ಹಾಗೆ ಹಾಡಿದೆ. ಅವನು ನಡೆದ. ಮೂರನೇ ನುಡಿ ಎಂಟಕ್ಕೆ ನಿಂತಿತು. ಎಡಕ್ಕೆ ತಿರುಗಿ ಕಾಲೆತ್ತಿದವನು ಹಾಗೆಯೇ ಒಂಟಿ ಕಾಲಲ್ಲಿ ನಿಂತ. ಕೆಳಗೆ ಇದ್ದದ್ದು ಒಣಗಿದ ಫರಸಿಕಲ್ಲು. ಅದರ ಮೇಲೂ ಕಾಲೂರಲಿಲ್ಲ.

"ಇಲ್ಲಿ ಮಡು ಅದರಿ. ಎರಡು ಆಳು ಮುಳುಗ್ತಾವ, ತಳದಾಗ ನೀರು ಜಗ್ಗತದ. ಇಲ್ಲಿ ಹೆಜ್ಜಿ ಇಡಂಗಿಲ್ಲ." ಕಾಲನ್ನು ಹಿಂದಕ್ಕೆ ತೆಗೆದುಕೊಂಡ. "ಹೀರಾಬಾಯಿ ನನಗ ನಾಕು ಸಲ ಮುಂಗೈ ಹಿಡದು ದಾಟಿಸ್ಯಾಳ. ಆ ಎಳಿಯೂದು ಉಸುರಲ್ಲರಿ, ದಾರಿ."

ಭುವನಾಗೆ ಫೋನು ಹಚ್ಚಿದೆ. ಸ್ವಿಚ್ ಆಫ್. ಹೊಳಿಮಡ್ಡಿಯಲ್ಲಿ ಎರಡು ದಿನದಿಂದ ಕರೆಂಟಿರಲಿಲ್ಲ, ಬೇರೆ ಯಾರ ಫೋನೂ ಹತ್ತಲಿಲ್ಲ. ವಾಡಿಗೆ, ದತ್ತುವಿಗೆ ಮಾಡಿದೆ. ಡ್ಯೂಟಿಯ ಮೇಲಿದ್ದ, ಹಿಂದೆ ಮಶೀನಿನ ಸದ್ದು.

"ಮುಂಜಾನಿ ಮಾತಾಡ್ಯಾಳ ಅಕ್ಕಾ. ಆಯಿ ದಾಟಿದಲ್ಲೇ ದಾಟಿ ಬರ್ತಾಳಂತ. ಬ್ಯಾರೇಜಿನ ಗೇಟು ತಗದಾರ, ಹಾಸುಗಲ್ಲಿನ ಮ್ಯಾಲೆ ನೀರು ಮೊಣಕಾಲ ಮಟ ಇಳದದ ಅಂದಳು. ಹನ್ನೆರಡಕ್ಕ ಇಳೀತೀನಿ ಅಂದಾಳ."

"ಬ್ಯಾಡ ಅನ್ನಲಿಲ್ಲೇನೋ ನೀನು?"

"ನೀನೇ ಕಲಿಸಿದ ಪದ ಅಲ್ಲೇನು ಅದು? ಪುಸ್ತಕದಾಗ ಬಂದದ್ದು. ನಾ ಯಾಕ ಬ್ಯಾಡ ಅನ್ಲಿ?"

ಗಡಿಯಾರ ನೋಡಿದೆ, ಹನ್ನೊಂದೂವರೆ. ಆ ಹೊತ್ತಿಗೆ ನನಗಾದ ಭಯವನ್ನು ಯಾವ ಪುಟದಲ್ಲೂ ಬರೆಯಲಾರೆ.

ಕಾಕಾನನ್ನು ಕೂಡಿಸಿಕೊಂಡು ಆಟೋ ಹಿಡಿದೆ. ಖಣಿಗಳ ನಡುವಿನ ರಸ್ತೆ, ಎರಡೂ ಕಡೆ ನೀರು ತುಂಬಿದ ಗುಂಡಿ. ಗಾಲಿ ಕೆಸರಿನಲ್ಲಿ ಹೂತಾಗ ಇಳಿದು ನಾನೇ ದೂಡಿದೆ. ಮಹೋತ್ಸವಕ್ಕೆಂದು ಉಟ್ಟಿದ್ದ ಇಳಕಲ್ ಸೀರೆ ಮೊಣಕಾಲಿನವರೆಗೆ ರಾಡಿಯಾಯಿತು. ಬ್ರಿಜ್ಜಿನ ಹತ್ತಿರ ಪೊಲೀಸರು ತಡೆದರು. ಅಲ್ಲಿಂದ ದಂಡೆಯಗುಂಟ ಓಡಿದೆ. ಕಾಕಾ ಹಿಂದೆ ಉಳಿದ. ನೀರಿನ ಸದ್ದು ಕಿವಿ ತುಂಬಿತ್ತು, ಆ ಸದ್ದಿನ ಮೇಲೆ ಸಣ್ಣಗೆ ಒಂದು ಹಾಡು ಬರುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ. ಸ್ವರ ಮಾತ್ರ ಚೊಕ್ಕವಾಗಿ ಕೇಳುತ್ತಿತ್ತು.

ಅವಳು ಹೊಳೆಯ ನಡುವೆ ಇದ್ದಳು. ಚೂಡಿದಾರದ ಕಾಲು ಮೇಲಕ್ಕೆ ಸುತ್ತಿದ್ದಳು. ಸೀರೆಯ ಗಂಟನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ತಲೆಯ ಮೇಲಿಟ್ಟಿದ್ದಳು. ರಾಡಿ ನೀರು, ಕೆಳಗೆ ಏನಿದೆ ಎಂದು ಕಾಣುವಂತಿರಲಿಲ್ಲ. ಹೆಜ್ಜೆ ಎಷ್ಟು ಸಮನಾಗಿತ್ತೆಂದರೆ ಒಂದು ಗಳಿಗೆ ನನಗೆ ಹೆಮ್ಮೆಯೇ ಆಯಿತು. ಆ ಗಳಿಗೆಗಾಗಿ ನಾನು ನನ್ನನ್ನು ಕ್ಷಮಿಸುವುದಿಲ್ಲ.

ಏದುಸಿರು ಬಿಡುತ್ತ ಬಂದ ಕಾಕಾ, "ಬಲಕ್ಕ ತಿರುಗಿ ಬಂದಾಳ, ಎರಡನೇದು ಮುಗೀತು," ಎಂದ.

"ನಿಂದ್ರು! ಭುವನಾ, ನಿಂದ್ರು!" ಎಂದು ಕೂಗಿದೆ. ಎರಡೂ ಕೈ ಬೀಸಿದೆ. ಮಾತುಗಳನ್ನು ನೀರು ನುಂಗಿತು. ಅವಳು ತಲೆಯೆತ್ತಿ ನೋಡಿ ನನ್ನನ್ನು ಗುರುತು ಹಿಡಿದಳು. ಗಂಟಿನ ಮೇಲಿದ್ದ ಕೈ ಒಂದನ್ನು ಎತ್ತಿ ಬೀಸಿದಳು. ತನ್ನನ್ನು ಕರೆದುಕೊಂಡು ಹೋಗಲು ಅತ್ತಿ ದಂಡೆಯವರೆಗೆ ಬಂದಿದ್ದಾಳೆ ಎಂದು ಅವಳಿಗೆ ಖುಷಿಯಾಗಿತ್ತು. ಹಾಡು ನಿಲ್ಲಲಿಲ್ಲ. ಮೂರನೇ ನುಡಿ ಹಿಡಿದಳು.

"ಹಾಡ್ರಿ ಬಾಯಾರ, ಮಾತು ಮುಟ್ಟಂಗಿಲ್ಲ, ಪದ ಮುಟ್ಟತದ," ಎಂದ ಕಾಕಾ. "ಹೀರಾಬಾಯಿ ಹಾಡಿದಂಗ ಹಾಡ್ರಿ."

ನಾನು ಹಾಡಿದೆ. ಇಪ್ಪತ್ತಾರು ವರ್ಷ ಸಾಧನೆ ಮಾಡಿದ ಗಂಟಲು, ಒಂದು ಕಿಲೋಮೀಟರ್ ಹೋಗುವ ದನಿ. ಅವಳ ದನಿಯ ಜೊತೆ ಕೂಡಿಕೊಂಡೆ. ಅವಳಿಗೆ ಕೇಳಿಸಿತು. ಮುಖ ಅರಳಿದ್ದು ಇಲ್ಲಿಗೇ ಕಂಡಿತು. ಮೊದಲ ಸಾಲು, ಎರಡನೇ ಸಾಲು, ಮೂರನೇ ಸಾಲು ಇಬ್ಬರದೂ ಒಂದೇ. ಕೊನೆಯ ಸಾಲು ಬಂತು. 'ನೀರ ಸೆರಗ ಹಿಡಿದು ನಡೀ ನನ್ನ ಮಗಳೇ'. ಎಂಟಕ್ಕೆ ಅವಳು ಸ್ವರ ಬಿಟ್ಟಳು. ನಾನು ಬಿಡಲಿಲ್ಲ. ಆಯಿ ಎಳೆದ ಹಾಗೆ ಎಳೆದೆ, ಇದ್ದ ಉಸಿರನ್ನೆಲ್ಲ ಹಾಕಿ ಎಳೆದೆ. ನನ್ನ ಹಿಂದೆ ಬಾ, ಒಂದೇ ಒಂದು ಸಲ ನನ್ನ ಹಿಂದೆ ಬಾ ಎಂದು ಮನಸ್ಸು ಅರಚುತ್ತಿತ್ತು.

ಅವಳು ನನ್ನ ಕಡೆ ನೋಡಿದಳು. ತುಟಿಯ ಒಂದು ಮೂಲೆ ಮೇಲೆದ್ದಿತು.

ಆಮೇಲೆ ಎಡಕ್ಕೆ ತಿರುಗಿದಳು.

ಪ್ಲಾಸ್ಟಿಕ್ಕಿನ ಗಂಟು ಸ್ವಲ್ಪ ದೂರ ತೇಲಿಕೊಂಡು ಹೋಗುವುದು ಕಾಣಿಸಿತು. ನೀರಿಗೆ ಇಳಿಯಲು ಹೋದ ನನ್ನನ್ನು ಕಾಕಾ ಮುಂಗೈ ಹಿಡಿದು ನಿಲ್ಲಿಸಿದ. ನನ್ನ ಬಾಯಲ್ಲಿ ಆ ಸ್ವರ ಇನ್ನೂ ನಿಂತಿರಲಿಲ್ಲ.

ಮೂರನೇ ದಿನ ಬ್ಯಾರೇಜಿನ ಹತ್ತಿರ ಸಿಕ್ಕಳು. ದತ್ತು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಿರ್ದೇಶಕರು ಮಣ್ಣಿಗೆ ಬಂದು ಹೋದರು. ಪೇಪರಿನಲ್ಲಿ 'ಕಾಲು ಜಾರಿ ಯುವತಿ ನೀರುಪಾಲು' ಎಂದು ಬಂತು. ಸ್ಮರಣ ಸಂಚಿಕೆಯಲ್ಲಿ ಅವಳ ಫೋಟೋದ ಕೆಳಗೂ ಅದೇ ಮಾತು ಹಾಕುತ್ತೇವೆ ಎಂದು ಕೇಂದ್ರದವರು ಬರೆದಿದ್ದಾರೆ.

ಹಾಗೆ ಹಾಕಬೇಡಿ. ಕಾಲು ಜಾರಲಿಲ್ಲ. ನಾನು ದಂಡೆಯ ಮೇಲೆ ನಿಂತು ಎಣಿಸಿದ್ದೇನೆ. ಪುಟ ನಲವತ್ತೊಂದರಲ್ಲಿ ಹೇಗಿದೆಯೋ ಹಾಗೆಯೇ, ಒಂದು ಮಾತ್ರೆಯೂ ತಪ್ಪದೆ ಹಾಡಿದಳು.